ಗಾಲಿಗಳ ಮೇಲಣ ಚರಂಡಿ

೨೦೦೪ನೆಯ ಇಸವಿ ಆಗಸ್ಟ್ ೮ನೆಯ ತಾರೀಖು. ಅಮೆರಿಕದ ಷಿಕಾಗೋ ನಗರದ ನಡುವೆ ಹರಿಯುವ ನದಿಯಲ್ಲಿ ಪ್ರವಾಸಿಗರ ದೋಣಿಯೊಂದು ಸಾಗುತ್ತಿತ್ತು. ದಡದ ಮೇಲಿನ ಭವ್ಯ ಕಟ್ಟಡಗಳನ್ನು ನೋಡಲೆಂದು ನೂರಕ್ಕೂ ಹೆಚ್ಚು ಜನ ಅದರಲ್ಲಿ ಕುಳಿತಿದ್ದರು. ದೋಣಿಯು ಕಿಂಜಿ ಬೀದಿಯ ಸೇತುವೆಯ ಕೆಳಗೆ ಬಂದ ಹೊತ್ತಿಗೆ, ಮೇಲಿನಿಂದ ಕೊಳೆದ್ರವವೊಂದು ಧಾರೆಯಾಗಿ ಅವರ ಮೇಲೆ ಸುರಿಯಿತು. ಆ ಸೇತುವೆಯ ನೆಲಗಟ್ಟು ಲೋಹದ ಜಾಲರಿ. ಅದರ ಮೇಲೆ ಹೋಗುತ್ತಿದ್ದ ಸಂಗೀತ ತಂಡವೊಂದರ ಬಸ್ಸಿನ ಚಾಲಕನು, ಬಸ್ಸಿನ ಶೌಚಾಲಯದ ತೊಟ್ಟಿಯ ಕವಾಟವನ್ನು ಅಲ್ಲಿಯೇ ತೆರೆದುಬಿಟ್ಟಿದ್ದನು. ಹಾಗೆ ಸುರಿದ ಹೊಲಸಿನ ತೂಕ ಸುಮಾರು ೮೦೦ ಪೌಂಡು, ಎಂದರೆ ೩೬೦ ಕಿಲೋಗ್ರಾಂ. ಮರುವರ್ಷ ಚಾಲಕನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡನು. ಸಂಗೀತ ತಂಡವು ಇಲಿನಾಯ್ ಸಂಸ್ಥಾನಕ್ಕೆ ೨,೦೦,೦೦೦ ಡಾಲರುಗಳನ್ನು ತೆತ್ತಿತು.

ಈ ವೃತ್ತಾಂತವನ್ನು ಕೇಳಿ ನಗುವವರೂ ಉಂಟು, ಮೂಗು ಮುಚ್ಚಿಕೊಳ್ಳುವವರೂ ಉಂಟು. ಆದರೆ ವಿಜ್ಞಾನದ ವಿದ್ಯಾರ್ಥಿಯು ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ಮನೆಯಲ್ಲಿ ನಾವು ಬಳಸುವ ನೀರು ನಲ್ಲಿಯಿಂದ ಬರುತ್ತದೆ, ಮೋರಿಯಲ್ಲಿ ಕಣ್ಮರೆಯಾಗುತ್ತದೆ. ಕಣ್ಮರೆಯಾದದ್ದನ್ನು ನಾವು ಮರೆಯುತ್ತೇವೆ. ಚಲಿಸುವ ವಾಹನಕ್ಕಾದರೋ ಮೋರಿಯಿಲ್ಲ. ಅದರಲ್ಲಿ ವಾಸಿಸುವವರು ತಾವು ಕೆಡಿಸಿದ ನೀರನ್ನೆಲ್ಲ ತಮ್ಮೊಡನೆಯೇ ಹೊತ್ತುಕೊಂಡು ತಿರುಗಬೇಕು. ಅದನ್ನು ನಾರದಂತೆ, ಕಟ್ಟಿಕೊಳ್ಳದಂತೆ, ಯಾರಿಗೂ ಕೇಡಾಗದಂತೆ ಕಾಪಾಡುವುದು ಹೇಗೆ? ಇದಕ್ಕೆ ಉತ್ತರವನ್ನು ಹುಡುಕಹೊರಟರೆ ದ್ರವಗಳ ಚಲನಶಾಸ್ತ್ರ, ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮೂರೂ ನಮ್ಮೆದುರಿಗೆ ಬಂದು ನಿಲ್ಲುತ್ತವೆ.

ಮೂರು ತೊಟ್ಟಿಗಳು

ಅಮೆರಿಕ, ಕೆನಡ, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಅಡುಗೆಮನೆ, ಮಲಗುವ ಕೋಣೆ, ಸ್ನಾನಗೃಹಗಳನ್ನೆಲ್ಲ ಒಳಗೊಂಡ ಮನೆಗಾಡಿಗಳು ಬಹಳ ಬಳಕೆಯಲ್ಲಿವೆ. ಕೆಲವಕ್ಕೆ ತಮ್ಮದೇ ಎಂಜಿನ್ ಇರುತ್ತದೆ. ಕೆಲವನ್ನು ಬೇರೊಂದು ವಾಹನದ ಹಿಂದೆ ಕಟ್ಟಿ ಎಳೆಯುತ್ತಾರೆ. ಅಮೆರಿಕನ್ನರು ಇವುಗಳನ್ನು ‘ಆರ್. ವಿ.’ ಎಂದು ಕರೆಯುತ್ತಾರೆ. ರಜೆಯ ದಿನಗಳಲ್ಲಿ ಇಡೀ ಕುಟುಂಬವು ಇಂಥ ಗಾಡಿಯಲ್ಲಿ ಹೊರಟು ಕಾಡು ಬೆಟ್ಟಗಳಲ್ಲಿ ವಾರಗಟ್ಟಲೆ ತಂಗುವುದುಂಟು; ನಿವೃತ್ತರಾದ ಎಷ್ಟೋ ದಂಪತಿಗಳು ವರ್ಷವೆಲ್ಲ ಅದರಲ್ಲಿಯೇ ಬಾಳುತ್ತಾರೆ.

ಗಾಡಿಯ ನೆಲದ ಕೆಳಗೆ ಸಾಮಾನ್ಯವಾಗಿ ಮೂರು ಪ್ಲಾಸ್ಟಿಕ್ ತೊಟ್ಟಿಗಳಿರುತ್ತವೆ. ಮೊದಲನೆಯದು ಶುದ್ಧಜಲದ ತೊಟ್ಟಿ. ಎರಡನೆಯದು ಪಾತ್ರೆ ತೊಳೆದ, ಮೈ ತೊಳೆದ ನೀರು ಸೇರುವ ತೊಟ್ಟಿ. ಆ ನೀರಿಗೆ ‘ಬೂದು ನೀರು’ ಎಂದು ಹೆಸರು. ಮೂರನೆಯದಕ್ಕೆ ಶೌಚದ ನೀರು ಸೇರುತ್ತದೆ. ಇದೇ ‘ಕಪ್ಪು ನೀರು’. ಮಧ್ಯಮ ಗಾತ್ರದ ಗಾಡಿಯೊಂದರ ಕಪ್ಪು ನೀರಿನ ತೊಟ್ಟಿಯು ಸುಮಾರು ೪೦ ಅಮೆರಿಕನ್ ಗ್ಯಾಲನ್, ಎಂದರೆ ೧೫೦ ಲೀಟರ್ ಹಿಡಿಯುತ್ತದೆ. ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ ಎಂಬುದನ್ನು ನೆನೆದರೆ, ತುಂಬಿದ ಆ ಒಂದು ತೊಟ್ಟಿಯೇ ಗಾಡಿಯ ಮೇಲೆ ಇಬ್ಬರು ಮೂವರು ಆಳುಗಳ ಭಾರವನ್ನು ಹೇರುತ್ತದೆಂದು ತಿಳಿಯುವುದು.

ಸ್ಥಳ ಕಿರಿದಾದುದರಿಂದ ಮಿತವ್ಯಯ ಅನಿವಾರ್ಯ. ನಿಮಿಷಕ್ಕೆ ೮ ಲೀಟರ್ ಸುರಿಸುವ ತುಂತುರು ನಳದ ಕೆಳಗೆ ಹತ್ತು ನಿಮಿಷ ನಿಂತರೆ ೮೦ ಲೀಟರ್ ಬೂದು ನೀರು ಸಿದ್ಧವಾಯಿತು! ಆದುದರಿಂದ ಅನುಭವಸ್ಥರು ಮೈ ತೋಯಿಸಿ ನೀರನ್ನು ನಿಲ್ಲಿಸುತ್ತಾರೆ. ಸಾಬೂನು ಹಚ್ಚಿ ಉಜ್ಜಿಕೊಂಡ ಬಳಿಕ ಮತ್ತೆ ತೆರೆದು ತೊಳೆದುಕೊಳ್ಳುತ್ತಾರೆ. ಶೌಚಾಲಯದಲ್ಲಿಯೂ ಹೀಗೆಯೇ. ಅಮೆರಿಕದ ಮನೆಗಳಲ್ಲಿ ಒಂದು ಸಲ ಶೌಚವನ್ನು ತೊಳೆಯಲು ಸುಮಾರು ೬ ಲೀಟರಿಗಿಂತ ಹೆಚ್ಚು ನೀರು ಹಿಡಿಯಕೂಡದೆಂದು ೧೯೯೨ರ ಕಾಯಿದೆಯೊಂದು ವಿಧಿಸಿತು. ಮನೆಗಾಡಿಯಲ್ಲಿ ಎರಡು ಲೀಟರೇ ಸಾಕಾಗಬಹುದು. ಆದರೆ ಕಪ್ಪು ನೀರಿನ ತೊಟ್ಟಿಯ ವಿಷಯದಲ್ಲಿ ಅತಿ ಜಿಪುಣತನ ಅಪಾಯಕರ. ಏಕೆಂಬುದನ್ನು ಈಗ ನೋಡೋಣ.

ಮುಚ್ಚಿದ ಕವಾಟದ ಮಹಿಮೆ

ಪ್ರವಾಸಿಗರು ತಂಗುವ ಅನೇಕ ಬೀಡುಗಳಲ್ಲಿ ಗಾಡಿಯ ತೊಟ್ಟಿಗೆ ನೇರವಾಗಿ ಒಳಚರಂಡಿಯ ಕೊಳವೆಯನ್ನು ಜೋಡಿಸುವ ಸೌಕರ್ಯವಿದೆ. ಹೊಸಬನು ಹೀಗೆಂದುಕೊಳ್ಳುತ್ತಾನೆ: “ಕವಾಟವನ್ನು ತೆರೆದೇ ಇಟ್ಟರಾಯಿತು, ಹೊಲಸೆಲ್ಲ ಆಗಿಂದಾಗ್ಗೆ ಹರಿದುಹೋಗುವುದು, ತೊಟ್ಟಿಯು ಸದಾ ಬರಿದಾಗಿ ಶುಚಿಯಾಗಿರುವುದು.” ತರ್ಕವೇನೋ ಸೊಗಸಾಗಿದೆ. ಫಲ ಮಾತ್ರ ವಿಪರೀತ. ತೆರೆದ ಕವಾಟದ ಮೂಲಕ ದ್ರವಾಂಶವು ಬೇಗನೆ ಹರಿದುಹೋಗುತ್ತದೆ; ಘನಾಂಶ ಮತ್ತು ಕಾಗದ ಬಿದ್ದಲ್ಲಿಯೇ ಉಳಿಯುತ್ತವೆ. ದಿನದಿಂದ ದಿನಕ್ಕೆ ಅವು ಶೌಚದ ಕೊಳವೆಯ ನೇರ ಕೆಳಗೆ ಹುತ್ತದಂತೆ ಬೆಳೆದು, ಒಣಗಿ, ಗಟ್ಟಿಯಾಗುತ್ತವೆ. ಕೊನೆಗೊಂದು ದಿನ ಕೊಳವೆಯ ಬಾಯಿಯೇ ಮುಚ್ಚಿಹೋಗುವುದು.

ಆದುದರಿಂದ ಈ ವಿದ್ಯೆಯ ಮೊದಲನೆಯ ನಿಯಮ: ಕಪ್ಪು ನೀರಿನ ಕವಾಟವು ಮುಚ್ಚಿಯೇ ಇರಬೇಕು, ತೊಟ್ಟಿಯು ಮೂರರಲ್ಲಿ ಎರಡು ಪಾಲಾದರೂ ತುಂಬಿದ ಮೇಲೆ ಅದನ್ನು ಒಮ್ಮೆಲೇ ತೆರೆಯಬೇಕು. ಈ ನಿಯಮದ ಹಿಂದೆ ಗೆಲಿಲಿಯೋನ ಶಿಷ್ಯನಾದ ಟಾರಿಚೆಲ್ಲಿಯು ೧೭ನೆಯ ಶತಮಾನದಲ್ಲಿ ಕಂಡುಹಿಡಿದ ತತ್ತ್ವವಿದೆ. ತೊಟ್ಟಿಯ ತಳದ ರಂಧ್ರದಿಂದ ಹೊರಬೀಳುವ ನೀರಿನ ವೇಗವು ಮೇಲಿರುವ ನೀರಿನ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ನೀರಿನ ಆಳ ೩೦ ಸೆಂಟಿಮೀಟರ್ ಇದ್ದಾಗ, ಘರ್ಷಣೆಯನ್ನು ಗಣಿಸದಿದ್ದರೆ, ವೇಗವು ಸೆಕೆಂಡಿಗೆ ಸುಮಾರು ೨.೪ ಮೀಟರ್. ಆಳವು ೭.೫ ಸೆಂಟಿಮೀಟರಿಗೆ ಇಳಿದರೆ ವೇಗವು ೧.೨ ಮೀಟರ್, ಎಂದರೆ ಅರ್ಧ. ಹರಿಯುವ ನೀರು ಅಡ್ಡಬಂದ ವಸ್ತುವನ್ನು ನೂಕುವ ಬಲವು ಸುಮಾರಾಗಿ ವೇಗದ ವರ್ಗವನ್ನು ಅನುಸರಿಸುವುದರಿಂದ, ವೇಗ ಅರ್ಧವಾದರೆ ನೂಕುಬಲವು ಕಾಲುಭಾಗಕ್ಕೆ ಇಳಿಯುತ್ತದೆ. ತುಂಬಿದ ತೊಟ್ಟಿಯು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಅರೆಬರಿದಾದ ತೊಟ್ಟಿಗೆ ಆ ಶಕ್ತಿಯಿಲ್ಲ. ಮಳೆಗಾಲದ ಹೊಳೆಯು ಬಂಡೆಗಳನ್ನೇ ಉರುಳಿಸಿ ಬೇಸಗೆಯಲ್ಲಿ ಮರಳನ್ನೂ ಸಾಗಿಸಲಾರದೆ ಸೊರಗುವುದಿಲ್ಲವೆ?

ತೊಟ್ಟಿಯನ್ನು ಬರಿದು ಮಾಡಿದ ಕೂಡಲೇ ಅದರೊಳಕ್ಕೆ ಹತ್ತು ಹನ್ನೆರಡು ಲೀಟರ್ ಶುದ್ಧಜಲವನ್ನು ಬಿಡಬೇಕೆಂಬುದು ಎರಡನೆಯ ನಿಯಮ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ತೊಟ್ಟಿಯಲ್ಲಿ ಇಷ್ಟು ನೀರು ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು ಆಳವಾಗಿ ತಳವನ್ನೆಲ್ಲ ಆವರಿಸುತ್ತದೆ. ಮುಂದೆ ಬೀಳುವ ಘನಾಂಶವು ಒಣ ತಳಕ್ಕೆ ಅಂಟದೆ ನೀರಿನಲ್ಲಿ ನೆನೆದು ಕರಗತೊಡಗುತ್ತದೆ.

ಹಿಮದ ಗಡ್ಡೆಗಳನ್ನು ತೊಟ್ಟಿಗೆ ಸುರಿದು ಗಾಡಿಯನ್ನು ಓಡಿಸಿದರೆ ಅವು ಉರುಳಾಡಿ ತಳವನ್ನು ಉಜ್ಜಿ ತೊಳೆಯುತ್ತವೆಂಬ ನಂಬಿಕೆಯೊಂದು ಗಾಡಿಗರಲ್ಲಿ ಪ್ರಚಲಿತವಾಗಿದೆ. ಹಿಮವು ನೀರಿಗಿಂತ ಹಗುರ, ಅದು ತೇಲುತ್ತದೆ. ತೇಲುವ ವಸ್ತು ತಳವನ್ನು ಉಜ್ಜುವುದೆಂತು? ಶಾಲೆಯಲ್ಲಿ ಕಲಿತ ಆರ್ಕಿಮಿಡೀಸನ ತತ್ತ್ವವೊಂದೇ ಈ ನಂಬಿಕೆಯನ್ನು ಶಂಕಿಸಲು ಸಾಕು.

ನಾತ ಎಲ್ಲಿಂದ?

ತೊಟ್ಟಿಯು ಬರಿಯ ಪಾತ್ರೆಯಲ್ಲ. ಅದು ಅಸಂಖ್ಯಾತ ಸೂಕ್ಷ್ಮಜೀವಿಗಳ ವಸತಿ. ಹೊಲಸೇ ಅವುಗಳ ಆಹಾರ. ಗಾಳಿಯ ಆಮ್ಲಜನಕವು ದೊರೆಯುವ ತನಕ ಬ್ಯಾಕ್ಟೀರಿಯಗಳು ಹೊಲಸನ್ನು ಒಡೆದು ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಬಿಡುತ್ತವೆ, ಇವೆರಡಕ್ಕೂ ವಾಸನೆಯಿಲ್ಲ. ಆದರೆ ನೀರಿನಲ್ಲಿ ಕರಗಿದ ಆಮ್ಲಜನಕವು ಬೇಗನೆ ತೀರಿಹೋಗುತ್ತದೆ. ಆಗ ಮತ್ತೊಂದು ಗುಂಪು ತಲೆಯೆತ್ತುತ್ತದೆ. ಈ ಬ್ಯಾಕ್ಟೀರಿಯಗಳಿಗೆ ಗಾಳಿ ಬೇಕಿಲ್ಲ. ಅವು ನೀರಿನಲ್ಲಿರುವ ಸಲ್ಫೇಟ್ ಲವಣಗಳನ್ನೇ ಉಸಿರಾಟಕ್ಕೆ ಬಳಸಿ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹೊರಬಿಡುತ್ತವೆ. ಕೊಳೆತ ಮೊಟ್ಟೆಯ ನಾತದ ಈ ಅನಿಲವು ಪ್ರಯೋಗಶಾಲೆಯಲ್ಲಿ ಕಿಪ್ಪನ ಉಪಕರಣವನ್ನು ಬಳಸಿದ ವಿದ್ಯಾರ್ಥಿಗಳಿಗೆ ಸುಪರಿಚಿತ.

ಇದರ ಗುಣವೊಂದು ಭಯಂಕರವಾದುದು. ಗಾಳಿಯ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಿದ್ದರೂ ಮೂಗು ಇದನ್ನು ಗುರುತಿಸಬಲ್ಲುದು. ಆದರೆ ಪ್ರಮಾಣವು ಹತ್ತು ಲಕ್ಷ ಭಾಗಕ್ಕೆ ನೂರರಷ್ಟಾದಾಗ ಮೂಗು ಬೇಗನೆ ಸೋತುಹೋಗಿ ನಾತವೇ ತಿಳಿಯದಂತಾಗುತ್ತದೆ. ಪ್ರಮಾಣ ಇನ್ನೂ ಏರಿದರೆ ಪ್ರಾಣವೇ ಹೋಗುವುದು. ಗಾಳಿಗಿಂತ ಭಾರವಾದ್ದರಿಂದ ಅದು ಗುಂಡಿಗಳಲ್ಲಿ ತಂಗಿ ನಿಲ್ಲುತ್ತದೆ. ನಮ್ಮ ದೇಶದ ಒಳಚರಂಡಿ ಗುಂಡಿಗಳಲ್ಲಿಯೂ ಮಲಗುಂಡಿಗಳಲ್ಲಿಯೂ ಇಳಿದ ಎಷ್ಟೋ ಬಡ ಕಾರ್ಮಿಕರನ್ನು ಕೊಂದದ್ದು ಇದೇ ಅನಿಲ. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯರನ್ನು ಹಾಗೆ ಇಳಿಸುವುದನ್ನು ೨೦೧೩ರ ಕೇಂದ್ರ ಕಾಯಿದೆಯು ಅಪರಾಧವೆಂದು ಸಾರಿದ ಮೇಲೂ ಅಂಥ ಸಾವುಗಳು ನಿಂತಿಲ್ಲ. ಅನಿಲದ ಗುಣವನ್ನರಿತ ವಿದ್ಯಾವಂತನು ಯಾರನ್ನೂ ಅಂಥ ಗುಂಡಿಗೆ ಇಳಿಯಗೊಡಬಾರದು.

ಮನೆಗಾಡಿಯಲ್ಲಿ ಈ ಅನಿಲವನ್ನು ಹೊರಗಟ್ಟಲು ತೊಟ್ಟಿಯಿಂದ ಛಾವಣಿಯವರೆಗೆ ಗಾಳಿಕೊಳವೆಯೊಂದನ್ನು ಇಟ್ಟಿರುತ್ತಾರೆ. ತೊಟ್ಟಿಯನ್ನು ಬರಿದು ಮಾಡುವಾಗ ಹೊರಗಿನ ಗಾಳಿ ಒಳಬರುವುದೂ ಅದರ ಮೂಲಕವೇ. ಗಾಳಿ ಬಾರದಿದ್ದರೆ, ಮುಚ್ಚಳದಲ್ಲಿ ಒಂದೇ ತೂತು ಕೊರೆದ ಎಣ್ಣೆಡಬ್ಬಿಯಿಂದ ಎಣ್ಣೆಯು ಬೀಳುವಂತೆ, ನೀರು ಗಳಗಳನೆ ತಡೆತಡೆದು ಬೀಳುವುದು. ಸ್ನಾನಗೃಹದ ಗಾಳಿಯನ್ನು ಹೊರಕ್ಕೆ ಸೆಳೆಯುವ ಫ್ಯಾನ್ ತಿರುಗುತ್ತಿರುವಾಗ ಶೌಚದ ಕವಾಟವನ್ನು ತೆರೆಯಬಾರದೆಂಬ ಎಚ್ಚರಿಕೆಯೂ ಇದರಿಂದಲೇ ಹುಟ್ಟಿದುದು. ಫ್ಯಾನ್ ಕೋಣೆಯ ಒತ್ತಡವನ್ನು ತುಸು ಇಳಿಸುತ್ತದೆ. ತೊಟ್ಟಿಯ ಅನಿಲವು ಛಾವಣಿಯತ್ತ ಏರದೆ ಕೋಣೆಯೊಳಕ್ಕೆ ನುಗ್ಗುತ್ತದೆ.

ಬೂದು ನೀರಿನ ತೊಟ್ಟಿಯೂ ನಿರಪರಾಧಿಯಲ್ಲ. ಜಿಡ್ಡು, ಸಾಬೂನು, ಅನ್ನದಗುಳುಗಳು ಸೇರಿ ಕೊಳೆತಾಗ ಅದರ ನಾತವು ಕಪ್ಪು ನೀರನ್ನೂ ಮೀರಿಸುವುದುಂಟು. ಇದನ್ನು ತಡೆಯುವ ಉಪಾಯ ಹಳೆಯದು. ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕನು ೧೭೭೫ರಲ್ಲಿ ಪೇಟೆಂಟ್ ಪಡೆದ ಶೌಚಾಲಯದಲ್ಲಿ ಕೊಳವೆಯನ್ನು ಹಾವಿನಂತೆ ಬಳುಕಿಸಿದ್ದನು. ಬಳುಕಿನಲ್ಲಿ ಸದಾ ಸ್ವಲ್ಪ ನೀರು ನಿಂತು, ಅನಿಲವು ಮೇಲೇರದಂತೆ ಬೀಗ ಹಾಕುತ್ತದೆ. ನಮ್ಮ ಮನೆಗಳ ಕೈತೊಳೆಯುವ ತೊಟ್ಟಿಗಳ ಕೆಳಗೂ ಈ ಬಳುಕು ಇದೆ. ಗಾಡಿಯ ಕುಲುಕಾಟಕ್ಕೆ ಆ ನೀರು ಚೆಲ್ಲಿಹೋದರೆ, ಅಥವಾ ಗಾಡಿ ಬಹುದಿನ ನಿಂತು ಅದು ಆವಿಯಾಗಿಹೋದರೆ, ಬೀಗ ಕಳಚಿದಂತೆಯೇ. ಒಂದು ಲೋಟ ನೀರು ಸುರಿದರೆ ನಾತ ನಿಲ್ಲುತ್ತದೆ.

ಕೊಲ್ಲುವ ಮದ್ದು, ಸಲಹುವ ಮದ್ದು

ನಾತಕ್ಕೆ ಕಾರಣ ಬ್ಯಾಕ್ಟೀರಿಯಗಳಾದರೆ, ಅವುಗಳನ್ನು ಕೊಂದರಾಯಿತಲ್ಲವೆ? ಬಹುಕಾಲ ಹೀಗೆಯೇ ಮಾಡಿದರು. ಜೀವಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕಪ್ಪೆ ಮೀನುಗಳನ್ನು ಕೆಡದಂತೆ ಇರಿಸುವ ಫಾರ್ಮಲಿನ್ ದ್ರವವನ್ನು ಬಲ್ಲಿರಷ್ಟೆ. ಅದರಲ್ಲಿರುವ ಫಾರ್ಮಾಲ್ಡಿಹೈಡನ್ನೇ ತೊಟ್ಟಿಗೆ ಸುರಿಯುತ್ತಿದ್ದರು. ಬ್ಯಾಕ್ಟೀರಿಯಗಳು ಸತ್ತವು, ನಾತ ಅಡಗಿತು. ಆದರೆ ಹೊಲಸು ಕೊಳೆಯದೆ ಹಾಗೆಯೇ ಉಳಿಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಗ್ರಾಮಪ್ರದೇಶದ ಎಷ್ಟೋ ಬೀಡುಗಳಲ್ಲಿ ಗಾಡಿಗಳ ಹೊಲಸು ಸೇರುವುದು ನೆಲದಡಿಯ ಸೆಪ್ಟಿಕ್ ಟ್ಯಾಂಕಿಗೆ. ಸೆಪ್ಟಿಕ್ ಟ್ಯಾಂಕು ಕೆಲಸ ಮಾಡುವುದೇ ಬ್ಯಾಕ್ಟೀರಿಯಗಳ ಬಲದಿಂದ. ಗಾಡಿಗಳು ಒಂದರ ಮೇಲೊಂದು ಬಂದು ವಿಷವನ್ನು ಸುರಿದರೆ ಅಲ್ಲಿಯ ಜೀವಿಗಳೂ ಸಾಯುತ್ತವೆ. ಅರೆಕೊಳೆತ ಹೊಲಸು ಹರಿದು ಇಂಗುಮಣ್ಣನ್ನು ಕಟ್ಟಿಸುತ್ತದೆ. ಅಂತರ್ಜಲವು ಕೆಡುವ ಭಯವೂ ಉಂಟು. ಒಬ್ಬನ ಮೂಗಿನ ಹಿತಕ್ಕಾಗಿ ಊರಿನ ಬಾವಿಯನ್ನು ಪಣವಿಟ್ಟಂತಾಯಿತು. ಜಾಗತಿಕ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು.

ಈಗ ಜಾಣರು ಅನುಸರಿಸುವ ದಾರಿ ಬೇರೆ. ಬ್ಯಾಕ್ಟೀರಿಯಗಳನ್ನು ಕೊಲ್ಲುವ ಬದಲು ಅವುಗಳ ಉಸಿರಾಟದ ರೀತಿಯನ್ನೇ ಬದಲಿಸುವುದು. ಆಮ್ಲಜನಕವು ತೀರಿದ ಮೇಲೆ ಸಲ್ಫೇಟ್ ಬಳಸುವುದಕ್ಕಿಂತ ನೈಟ್ರೇಟ್ ಬಳಸುವುದು ಹೆಚ್ಚು ಶಕ್ತಿದಾಯಕ. ತೊಟ್ಟಿಯಲ್ಲಿ ನೈಟ್ರೇಟ್ ಲವಣವಿದ್ದರೆ ಅದನ್ನು ಬಳಸಬಲ್ಲ ಬ್ಯಾಕ್ಟೀರಿಯಗಳೇ ಮೇಲುಗೈ ಪಡೆಯುತ್ತವೆ. ಆಗ ಹೊರಬರುವುದು ಹೈಡ್ರೋಜನ್ ಸಲ್ಫೈಡ್ ಅಲ್ಲ, ವಾಸನೆಯಿಲ್ಲದ ಸಾರಜನಕ! ನಗರಗಳ ದೊಡ್ಡ ಒಳಚರಂಡಿಗಳಲ್ಲಿಯೂ ಕ್ಯಾಲ್ಸಿಯಂ ನೈಟ್ರೇಟನ್ನು ಇದೇ ಉದ್ದೇಶದಿಂದ ಬಳಸುವುದುಂಟು. ಕೊಳೆಯುವ ಕೆಲಸವೂ ನಡೆಯಿತು, ನಾತವೂ ತಪ್ಪಿತು.

ಕಾಗದದ ವಿಷಯವನ್ನೂ ಇಲ್ಲಿ ಹೇಳಬೇಕು. ಪಾಶ್ಚಾತ್ಯರು ಶೌಚಕ್ಕೆ ಕಾಗದ ಬಳಸುವರಷ್ಟೆ. ಅದು ಕರಗದಿದ್ದರೆ ತೊಟ್ಟಿಯಲ್ಲಿ ಬೆಣೆಯಾಗುತ್ತದೆ. ಇದನ್ನು ಪರೀಕ್ಷಿಸುವ ಪ್ರಯೋಗ ಬಲು ಸುಲಭ, ನೀವೂ ಮಾಡಬಹುದು. ಮುಚ್ಚಳವುಳ್ಳ ಗಾಜಿನ ಜಾಡಿಗಳಲ್ಲಿ ಅರ್ಧ ನೀರು ತುಂಬಿ ಒಂದಕ್ಕೆ ಶೌಚದ ಕಾಗದವನ್ನೂ, ಇನ್ನೊಂದಕ್ಕೆ ಮುಖ ಒರೆಸುವ ತೆಳುಕಾಗದವನ್ನೂ, ಮತ್ತೊಂದಕ್ಕೆ ವೃತ್ತಪತ್ರಿಕೆಯ ಚೂರನ್ನೂ ಹಾಕಿ. ಒಂದು ಗಂಟೆಯ ಬಳಿಕ ಜಾಡಿಗಳನ್ನು ಒಂದೇ ಸಮನಾಗಿ ಕುಲುಕಿ ನೋಡಿ. ಯಾವುದು ಎಳೆಎಳೆಯಾಗಿ ಚದುರುವುದೋ ಅದು ತೊಟ್ಟಿಗೆ ಯೋಗ್ಯ. ಇಡಿಯಾಗಿ ಉಳಿಯುವುದು ಅಯೋಗ್ಯ.

ವಿಸರ್ಜನೆಯ ಕ್ರಮ

ತುಂಬಿದ ತೊಟ್ಟಿಯನ್ನು ಬರಿದು ಮಾಡಲು ಹೆದ್ದಾರಿಗಳ ಬದಿಯಲ್ಲಿಯೂ ಬೀಡುಗಳಲ್ಲಿಯೂ ‘ಡಂಪ್ ಸ್ಟೇಷನ್’ ಎಂಬ ಕಟ್ಟೆಗಳನ್ನು ಕಟ್ಟಿದ್ದಾರೆ. ಗಾಡಿಯನ್ನು ಅಲ್ಲಿ ನಿಲ್ಲಿಸಿ, ಕೈಚೀಲ ತೊಟ್ಟು, ಮೂರು ಅಂಗುಲ ಅಗಲದ ಮೆದುಕೊಳವೆಯ ಒಂದು ತುದಿಯನ್ನು ತೊಟ್ಟಿಗೂ ಇನ್ನೊಂದನ್ನು ನೆಲದ ಬಾಯಿಗೂ ಭದ್ರವಾಗಿ ಜೋಡಿಸಬೇಕು. ಮೊದಲು ಕಪ್ಪು ನೀರು, ಆಮೇಲೆ ಬೂದು ನೀರು. ಸಾಬೂನು ಬೆರೆತ ಬೂದು ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಕ್ರಮ ತಪ್ಪಿದರೆ ಆ ಲಾಭವಿಲ್ಲ. ಕೊಳವೆ ತೊಳೆಯುವ ನಲ್ಲಿಯಿಂದ ಕುಡಿಯುವ ನೀರನ್ನು ಎಂದಿಗೂ ಹಿಡಿಯಕೂಡದು. ಹೊಲಸಿನೊಡನೆ ಕಾಮಾಲೆ, ಭೇದಿಗಳ ರೋಗಾಣುಗಳು ಬಂದಿರಬಹುದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ, ಗೊತ್ತುಪಡಿಸಿದ ಜಾಗದ ಹೊರತು ಬೇರೆಲ್ಲಿಯೂ ಗಾಡಿಯ ಹೊಲಸನ್ನು ಬಿಡುವುದು ನಿಯಮಬಾಹಿರ.

ತೊಟ್ಟಿ ಎಷ್ಟು ತುಂಬಿದೆಯೆಂದು ತಿಳಿಯುವುದೂ ಒಂದು ಸಮಸ್ಯೆ. ಗೋಡೆಯಲ್ಲಿ ಬೇರೆ ಬೇರೆ ಎತ್ತರಗಳಲ್ಲಿ ಲೋಹದ ಮೊಳೆಗಳನ್ನು ಕೂಡಿಸಿರುತ್ತಾರೆ. ನೀರು ಮುಟ್ಟಿದಾಗ ವಿದ್ಯುತ್ತು ಹರಿದು ದೀಪ ಉರಿಯುತ್ತದೆ. ಆದರೆ ಒದ್ದೆ ಕಾಗದವೋ ಜಿಡ್ಡಿನ ಪದರವೋ ಮೊಳೆಗಳಿಗೆ ಅಂಟಿಕೊಂಡರೆ, ಬರಿದಾದ ತೊಟ್ಟಿಯೂ ತುಂಬಿದಂತೆ ತೋರುತ್ತದೆ. ಅದಕ್ಕಾಗಿ ತೊಟ್ಟಿಯ ಹೊರಮೈಗೆ ಅಂಟಿಸಿ, ಒಳಗಿನ ನೀರನ್ನು ಮುಟ್ಟದೆಯೇ ಅಳೆಯುವ ವಿದ್ಯುತ್ ಸಾಧನಗಳು ಬಂದಿವೆ.

ಚಳಿನಾಡಿನಲ್ಲಿ ಇನ್ನೊಂದು ಕಂಟಕ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ; ಕೊಳವೆಗಳು ಬಿರಿಯುತ್ತವೆ, ಕವಾಟಗಳು ಒಡೆಯುತ್ತವೆ. ಆದುದರಿಂದ ಚಳಿಗಾಲಕ್ಕೆ ಮುನ್ನ ನೀರನ್ನೆಲ್ಲ ಬಸಿದು ಪ್ರೊಪಿಲೀನ್ ಗ್ಲೈಕಾಲ್ ಬೆರೆತ ದ್ರವವನ್ನು ತುಂಬುತ್ತಾರೆ. ಮೋಟಾರು ಎಂಜಿನ್ನಿಗೆ ಬಳಸುವ ಎಥಿಲೀನ್ ಗ್ಲೈಕಾಲ್ ಇಲ್ಲಿ ಸಲ್ಲದು, ಅದು ವಿಷ.

ನಮ್ಮ ರೈಲುಗಳ ಉತ್ತರ

ಮನೆಗಾಡಿಗಳು ನಮ್ಮಲ್ಲಿ ವಿರಳವಾದರೂ ಸಮಸ್ಯೆ ವಿರಳವಲ್ಲ. ನಮ್ಮ ರೈಲುಗಳ ಶೌಚಾಲಯಗಳು ದಶಕಗಳ ಕಾಲ ನೇರವಾಗಿ ಹಳಿಗಳ ಮೇಲೆಯೇ ತೆರೆದುಕೊಂಡಿದ್ದುವು. ನೈರ್ಮಲ್ಯಕ್ಕೆ ಕುಂದು ಬಂದುದಲ್ಲದೆ ಹಳಿಗಳೂ ತುಕ್ಕುಹಿಡಿದು ಸವೆಯುತ್ತಿದ್ದುವು. ಭಾರತೀಯ ರೈಲ್ವೆಯು ರಕ್ಷಣಾ ಸಂಶೋಧನಾ ಸಂಸ್ಥೆಯ ನೆರವಿನಿಂದ ೨೦೧೧ರಿಂದ ಬೋಗಿಗಳ ಕೆಳಗೆ ಜೈವಿಕ ತೊಟ್ಟಿಗಳನ್ನು ಕೂಡಿಸತೊಡಗಿತು. ಮುಂದಿನ ಹತ್ತು ವರ್ಷಗಳಲ್ಲಿ ಬಹುಮಟ್ಟಿಗೆ ಎಲ್ಲ ಪ್ರಯಾಣಿಕ ಬೋಗಿಗಳಿಗೂ ಇವು ಬಂದುವು. ಮನೆಗಾಡಿಯ ತೊಟ್ಟಿ ಹೊಲಸನ್ನು ಹಿಡಿದಿಟ್ಟರೆ, ರೈಲಿನ ತೊಟ್ಟಿ ಅದನ್ನು ಅರಗಿಸುತ್ತದೆ. ಗಾಳಿಯ ಹಂಗಿಲ್ಲದ ಬ್ಯಾಕ್ಟೀರಿಯಗಳು ಅಂಕಣ ಅಂಕಣಗಳಲ್ಲಿ ಹೊಲಸನ್ನು ಒಡೆಯುತ್ತವೆ. ಮಿಕ್ಕ ನೀರಿಗೆ ಕ್ಲೋರಿನ್ ತಾಗಿಸಿ ಹೊರಬಿಡುತ್ತಾರೆ. ಆದರೆ ಪ್ರಯಾಣಿಕನು ಬಾಟಲಿಯನ್ನೋ ಪ್ಲಾಸ್ಟಿಕ್ ಚೀಲವನ್ನೋ ಅದರೊಳಗೆ ಎಸೆದರೆ ತೊಟ್ಟಿ ಕಟ್ಟಿಕೊಳ್ಳುತ್ತದೆ. ಬ್ಯಾಕ್ಟೀರಿಯಗಳು ಪ್ಲಾಸ್ಟಿಕ್ಕನ್ನು ತಿನ್ನಲಾರವು.

ವಾಚಕರು ತಮ್ಮ ಮನೆಯಲ್ಲಿಯೇ ಒಂದು ಲೆಕ್ಕ ಹಾಕಿ ನೋಡಬಹುದು. ಒಳಚರಂಡಿಯುಳ್ಳ ನಗರಗಳಲ್ಲಿ ತಲೆಗೆ ದಿನವೊಂದಕ್ಕೆ ೧೩೫ ಲೀಟರ್ ನೀರು ಬೇಕೆಂದು ನಮ್ಮ ದೇಶದ ಎಂಜಿನಿಯರರು ಗಣಿಸುತ್ತಾರೆ. ನಾಲ್ವರ ಸಂಸಾರಕ್ಕೆ ೫೪೦ ಲೀಟರಾಯಿತು. ಅದರಲ್ಲಿ ಬಹುಪಾಲು ಮೋರಿಯ ಪಾಲು. ಅಷ್ಟನ್ನೂ ೧೫೦ ಲೀಟರಿನ ತೊಟ್ಟಿಗಳಲ್ಲಿ ಹಿಡಿದಿಡಬೇಕಾದರೆ ದಿನಕ್ಕೆ ಮೂರು ತೊಟ್ಟಿಗಳಾದರೂ ಬೇಕು, ತಿಂಗಳಿಗೆ ತೊಂಬತ್ತು! ಆ ತೊಂಬತ್ತು ತೊಟ್ಟಿ ನೀರು ನಿಮ್ಮ ಮನೆಯಿಂದ ಹೊರಟು ಯಾವ ಬೀದಿಯ ಕೆಳಗೆ ಹರಿದು, ಯಾವ ಶುದ್ಧೀಕರಣ ಕೇಂದ್ರವನ್ನು ಅಥವಾ ಯಾವ ಕೆರೆಯನ್ನು ಸೇರುತ್ತದೆ? ನಿಮ್ಮ ಊರಿನ ಪುರಸಭೆಯಲ್ಲಿ ವಿಚಾರಿಸಿ, ಆ ಹಾದಿಯನ್ನು ಒಂದು ಹಾಳೆಯ ಮೇಲೆ ಬರೆದು ನೋಡಿ.